ಅಧಿಕಪ್ರಸಂಗಿ ಓದುಗನ ಪರವಾಗಿ

ನಮ್ಮ ಸಾಹಿತ್ಯಲೋಕದಲ್ಲಿ ಒಂದು ವಿಚಿತ್ರವಾದ ಮಡಿ ಬೆಳೆದು ನಿಂತಿದೆ. ಕಾದಂಬರಿ ಓದಿ ಮುಗಿಸಿದವನು 'ಆಮೇಲೆ ಏನಾಯಿತು?' ಎಂದು ಕೇಳಬಾರದು. ನಾಟಕ ನೋಡಿ ಬಂದವಳು 'ಅವನು ಹಾಗೇಕೆ ಮಾಡಿದ?' ಎಂದು ಕೇಳಬಾರದು. ಕವಿತೆ ಕೇಳಿದವರಂತೂ 'ಇದರ ಅರ್ಥವೇನು?' ಎಂದು ಬಾಯಿ ಬಿಡಲೇಬಾರದು. ಬಿಟ್ಟರೋ, ವೇದಿಕೆಯ ಮೇಲಿನ ವಿದ್ವಾಂಸರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಮುಗುಳ್ನಗುತ್ತಾರೆ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಾರೆ. ಯಾರೋ ಒಬ್ಬರು ಕನಿಕರದ ದನಿಯಲ್ಲಿ, 'ಸಾಹಿತ್ಯವನ್ನು ಹಾಗೆ ಓದಬಾರದು' ಎಂದು ಬುದ್ಧಿ ಹೇಳುತ್ತಾರೆ. ಕೇಳಿದವರು ನಾಚಿ ಕುಳಿತುಕೊಳ್ಳುತ್ತಾರೆ. ಮುಂದಿನ ಸಭೆಗೆ ಅವರು ಬರುವುದಿಲ್ಲ; ಬಂದರೂ ಕೇಳುವುದಿಲ್ಲ. ಆ ಬಳಿಕ ಅದೇ ವಿದ್ವಾಂಸರು, ಕನ್ನಡದಲ್ಲಿ ಓದುಗರೇ ಇಲ್ಲವಾಗುತ್ತಿದ್ದಾರೆ ಎಂದು ಭಾಷಣ ಮಾಡುತ್ತಾರೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಜೀವಿಸುವವನು. ಪದವಿ ತರಗತಿಯ ಹುಡುಗ ಹುಡುಗಿಯರ ಪ್ರಶ್ನೆಗಳೇ ನನ್ನ ನಿತ್ಯದ ಅನ್ನ ಎಂದರೂ ಸಲ್ಲುತ್ತದೆ. ಆದುದರಿಂದ ಈ ಮಡಿಯ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಕಥೆಯ ಬಗೆಗೆ, ಪಾತ್ರದ ಬಗೆಗೆ, ಅರ್ಥದ ಬಗೆಗೆ ಸಾಮಾನ್ಯ ಓದುಗನು ಕೇಳುವ ಕುತೂಹಲದ ಪ್ರಶ್ನೆ ವಿಮರ್ಶೆಗೆ ಅಡ್ಡಿಯಲ್ಲ, ಅದೇ ವಿಮರ್ಶೆಯ ಹೊಸ್ತಿಲು. ಹೊಸ್ತಿಲನ್ನು ಕಿತ್ತುಹಾಕಿ, ಜನ ಮನೆಯೊಳಗೆ ಬರುತ್ತಿಲ್ಲವೆಂದು ದೂರುವುದು ನ್ಯಾಯವಲ್ಲ.

ಎದುರು ಪಕ್ಷದ ಮಾತನ್ನು ಮೊದಲು ಕೇಳೋಣ. ಪಾತ್ರಗಳು ಮನುಷ್ಯರಲ್ಲ, ಬರಿಯ ಶಬ್ದಗಳಿಂದ ಆದವು; ಪುಸ್ತಕದ ಆಚೆಗೆ ಅವುಗಳಿಗೆ ಬಾಳಿಲ್ಲ; ಇಲ್ಲದ ಬಾಳನ್ನು ಕುರಿತು ಕೇಳುವುದು ಬಾಲಿಶ ಎಂದು ಅವರ ವಾದ. ಇದಕ್ಕೆ ಅವರು ಆಧಾರವಾಗಿ ತೋರಿಸುವುದು ಇಂಗ್ಲೆಂಡಿನ ಎಲ್. ಸಿ. ನೈಟ್ಸ್ 1933ರಲ್ಲಿ ಬರೆದ ಪ್ರಬಂಧವನ್ನು. 'ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು?' ಎಂಬುದು ಅದರ ಹೆಸರು. ಹೆಸರೇ ಒಂದು ಅಣಕ. ಷೇಕ್ಸ್‌ಪಿಯರನ ಪಾತ್ರಗಳನ್ನು ನೆರೆಮನೆಯವರೆಂಬಂತೆ ಚರ್ಚಿಸುತ್ತಿದ್ದ ಎ. ಸಿ. ಬ್ರ್ಯಾಡ್ಲಿಯ ಪಂಥವನ್ನು ಗೇಲಿ ಮಾಡಲು ಇಟ್ಟ ಹೆಸರು ಅದು. ನಾಟಕವೆಂದರೆ ಕಾವ್ಯ, ಜೀವನಚರಿತ್ರೆಯಲ್ಲ ಎಂಬ ನೈಟ್ಸನ ಮಾತಿನಲ್ಲಿ ತಿರುಳಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹೆಸರನ್ನು ಮಂತ್ರದಂತೆ ಜಪಿಸುವ ನಮ್ಮವರಲ್ಲಿ ಎಷ್ಟು ಮಂದಿ ಬ್ರ್ಯಾಡ್ಲಿಯನ್ನು ತೆರೆದು ನೋಡಿದ್ದಾರೆ?

ನೋಡಿದ್ದರೆ ಒಂದು ಸ್ವಾರಸ್ಯ ಕಾಣುತ್ತಿತ್ತು. 1904ರಲ್ಲಿ ಬಂದ ತನ್ನ 'ಷೇಕ್ಸ್‌ಪಿಯರಿಯನ್ ಟ್ರ್ಯಾಜೆಡಿ' ಗ್ರಂಥದ ಕೊನೆಯ ಟಿಪ್ಪಣಿಯೊಂದರಲ್ಲಿ ಬ್ರ್ಯಾಡ್ಲಿ ಈ ಮಕ್ಕಳ ವಿಚಾರವನ್ನು ಎತ್ತಿಕೊಳ್ಳುತ್ತಾನೆ. ತಾನು ಹಾಲೂಡಿಸಿದವಳು ಎಂದು ಆ ಹೆಂಗಸು ಒಂದು ಕಡೆ ಹೇಳುತ್ತಾಳೆ; ಮಕ್ಕಳನ್ನು ಕಳೆದುಕೊಂಡ ಮ್ಯಾಕ್‌ಡಫ್ ಇನ್ನೊಂದು ಕಡೆ, ಅವನಿಗೆ ಮಕ್ಕಳಿಲ್ಲ ಎಂದು ಗೋಳಿಡುತ್ತಾನೆ. ಇವೆರಡನ್ನು ಹೊಂದಿಸುವುದು ಹೇಗೆ? ಮ್ಯಾಕ್‌ಬೆತ್‌ಗೆ ಮಕ್ಕಳಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಇಲ್ಲದಿದ್ದರೆ ಅವನು ಮಗನನ್ನು ಎದುರು ನೋಡುತ್ತಿದ್ದನೆಂಬುದು ಮುಖ್ಯ ಎಂದು ಬ್ರ್ಯಾಡ್ಲಿಯೇ ತೀರ್ಮಾನಿಸಿದ್ದಾನೆ. ಅಂದರೆ ಅಣಕಕ್ಕೆ ಗುರಿಯಾದವನೇ ಅಣಕಿಸಿದವರಿಗಿಂತ ಮೊದಲು ಆ ಪ್ರಶ್ನೆಯ ಹೊಟ್ಟನ್ನು ತೂರಿ ಕಾಳನ್ನು ಆರಿಸಿ ಇಟ್ಟಿದ್ದ! ಮುಂದೆ 1947ರಲ್ಲಿ, ಅಮೆರಿಕದ ಕ್ಲೀಂತ್ ಬ್ರೂಕ್ಸ್, ಶಬ್ದಗಳ ಮೇಲೆಯೇ ಕಣ್ಣಿಟ್ಟು ಓದುವ ಪಂಥದವನು, ಆ ನಾಟಕದ ತುಂಬ ಎಳೆಯ ಕೂಸಿನ ಚಿತ್ರ ಹೇಗೆ ಮತ್ತೆ ಮತ್ತೆ ಬರುತ್ತದೆಂಬುದನ್ನು ತೋರಿಸಿದ. ವಂಶವಿಲ್ಲದವನ ಕೈಗೆ ಬಂದ ಕಿರೀಟವೇ ನಾಟಕದ ಸಂಕಟ. ಮಕ್ಕಳ ಪ್ರಶ್ನೆ ಹಾಗಾದರೆ ಬಾಲಿಶವೆ? ಕೇಳಿದ ರೀತಿ ಬಾಲಿಶವಾಗಿದ್ದಿರಬಹುದು. ಕೈ ತೋರಿದ ದಿಕ್ಕು ಮಾತ್ರ ಸರಿಯಾಗಿತ್ತು.

ಷೇಕ್ಸ್‌ಪಿಯರನನ್ನು ಬಿಟ್ಟು ನಮ್ಮ ಮನೆಗೆ ಬರೋಣ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ಅದನ್ನು ಓದಿದವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ನಾರಣಪ್ಪನ ಹೆಣ ಕೊನೆಗೆ ಏನಾಯಿತು? ಪ್ರಾಣೇಶಾಚಾರ್ಯರು ಅಗ್ರಹಾರಕ್ಕೆ ಹೋಗಿ ಎಲ್ಲವನ್ನೂ ಹೇಳಿದರೆ? ಇವೆರಡೂ ಒಂದೇ ಜಾತಿಯ ಪ್ರಶ್ನೆಗಳಂತೆ ಕಾಣುತ್ತವೆ. ವಿದ್ವಾಂಸರು ಎರಡನ್ನೂ ಒಂದೇ ಪೊರಕೆಯಿಂದ ಗುಡಿಸಿಬಿಡುತ್ತಾರೆ: 'ಕಾದಂಬರಿ ಇರುವುದು ಹೆಣದ ಬಗೆಗಲ್ಲ, ಅಸ್ತಿತ್ವದ ಆಯ್ಕೆಯ ಬಗೆಗೆ.'

ಮೊದಲನೆಯ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಯೇ ಇದೆ. ಬ್ರಾಹ್ಮಣರು ಧರ್ಮಶಾಸ್ತ್ರದ ಗಂಟು ಬಿಡಿಸಲಾರದೆ ಹಸಿದು ಕುಳಿತಿರುವಾಗ, ಚಂದ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು, ಅಗ್ರಹಾರದವರಿಗೆ ತಿಳಿಯದಂತೆ ರಾತ್ರಿ ಹೆಣವನ್ನು ಸುಡಿಸಿ ಹೊರಟುಹೋಗುತ್ತಾಳೆ. ಇದು ಕೆಲವೇ ಪುಟಗಳಲ್ಲಿ, ಸದ್ದಿಲ್ಲದೆ ನಡೆದುಹೋಗುತ್ತದೆ. ಆದುದರಿಂದಲೇ ಎಷ್ಟೋ ಓದುಗರ ನೆನಪಿನಿಂದ ಅದು ಜಾರಿರುತ್ತದೆ. ಹೆಣದ ಗತಿಯೇನಾಯಿತೆಂದು ಕೇಳಿದವನನ್ನು ಗದರಿಸದೆ ಆ ಪುಟಕ್ಕೆ ಕರೆದೊಯ್ದು ನೋಡಿ. ಪಂಡಿತರೆಲ್ಲ ಸೇರಿ ಬಿಡಿಸಲಾಗದ ಗಂಟನ್ನು ಒಬ್ಬ ವೇಶ್ಯೆ, ಒಬ್ಬ ಮುಸಲ್ಮಾನ, ಒಂದು ಗಾಡಿ, ಒಂದಿಷ್ಟು ಸೌದೆ ಒಂದು ರಾತ್ರಿಯಲ್ಲಿ ಬಿಡಿಸಿದ್ದವೆಂಬುದು ಅವನಿಗೆ ಹೊಳೆಯುತ್ತದೆ. ಅದು ತಿಳಿಯದೆಯೇ ಅಗ್ರಹಾರದವರು ಊರೂರು ಅಲೆದು ಚರ್ಚೆ ಮುಂದುವರಿಸುತ್ತಾರೆ ಎಂಬುದು ಹೊಳೆಯುತ್ತದೆ. ಕಾದಂಬರಿಯ ವ್ಯಂಗ್ಯವೆಲ್ಲ ಅಲ್ಲಿ ಬಚ್ಚಿಟ್ಟುಕೊಂಡಿದೆ. ಅಸ್ತಿತ್ವವಾದವನ್ನು ಕುರಿತು ಒಂದು ಗಂಟೆ ಮಾತಾಡಿ ನಾವು ಕೊಡಲಾಗದ ತಿಳಿವನ್ನು ಹೆಣದ ಪ್ರಶ್ನೆ ಐದು ನಿಮಿಷದಲ್ಲಿ ಕೊಟ್ಟಿತು.

ಎರಡನೆಯ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಇಲ್ಲ. ಆಚಾರ್ಯರನ್ನು ದಾರಿಯಲ್ಲಿಯೇ, ನಿರೀಕ್ಷೆ ಆತಂಕಗಳ ನಡುವೆ ನಿಲ್ಲಿಸಿ ಲೇಖಕರು ಕೈ ತೊಳೆದುಕೊಂಡಿದ್ದಾರೆ. ಆದರೆ 'ಆಮೇಲೆ ಏನಾಯಿತು?' ಎಂದು ಕೇಳದವನಿಗೆ ಉತ್ತರವಿಲ್ಲವೆಂಬುದೂ ತಿಳಿಯುವುದಿಲ್ಲವಷ್ಟೆ? ತಟ್ಟಿದವನಿಗೆ ಮಾತ್ರ ಬಾಗಿಲು ಮುಚ್ಚಿದೆಯೆಂಬುದು ಗೊತ್ತಾಗುತ್ತದೆ. ಲೇಖಕರು ಬಾಗಿಲನ್ನು ಏಕೆ ಮುಚ್ಚಿದರು ಎಂಬ ನಿಜವಾದ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ.

ಹೊಸಗನ್ನಡದ ಮಾತಾಯಿತು, ಹಳಗನ್ನಡದಲ್ಲಿ ಇಂಥ ಚಪಲಕ್ಕೆ ಎಡೆಯಿಲ್ಲ ಎನ್ನುವವರಿಗೆ ಪಂಪನನ್ನು ಸಾಕ್ಷಿಗೆ ಕರೆಯುತ್ತೇನೆ. ಕ್ರಿ. ಶ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ಕಾವ್ಯ ಬರೆದ ಕವಿಗೆ ಈ ಮಾರ್ಪಾಟು ಬೇಕಾಯಿತು ಎಂದು ನಾವೆಲ್ಲ ಪಾಠ ಹೇಳುತ್ತೇವೆ, ಹುಡುಗರು ಬರೆದುಕೊಳ್ಳುತ್ತಾರೆ. ಆದರೆ ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬಳಾದರೂ ಹುಡುಗಿ ಎದ್ದು ನಿಂತು ಕೇಳುತ್ತಾಳೆ: 'ಸಾರ್, ಅವಳು ಅರ್ಜುನನ ಹೆಂಡತಿ ಮಾತ್ರ ಆಗಿದ್ದರೆ, ದುಶ್ಶಾಸನ ಅವಳ ಮುಡಿ ಹಿಡಿದು ಎಳೆದಾಗ ಭೀಮ ಯಾಕೆ ಪ್ರತಿಜ್ಞೆ ಮಾಡಬೇಕು? ಕೊನೆಗೆ ಮುಡಿ ಕಟ್ಟುವವನೂ ಭೀಮನೇ ಯಾಕೆ? ಗಂಡ ಏನು ಮಾಡುತ್ತಿದ್ದ?' ಇನ್ನೊಬ್ಬಳು ಅಲ್ಲಿಂದಲೇ ಮುಂದುವರಿಸುತ್ತಾಳೆ: 'ಅಷ್ಟೆಲ್ಲ ಕಷ್ಟಪಟ್ಟ ದ್ರೌಪದಿಯನ್ನು ಬಿಟ್ಟು ಕೊನೆಯಲ್ಲಿ ಅರ್ಜುನನ ಪಕ್ಕದಲ್ಲಿ ಸುಭದ್ರೆಗೆ ಪಟ್ಟ ಕಟ್ಟಿದ್ದು ನ್ಯಾಯವೆ?'

ಇವು ಕಥೆಯ ಪ್ರಶ್ನೆಗಳು, ಪಾತ್ರದ ಪ್ರಶ್ನೆಗಳು, ನೆರೆಮನೆಯ ಸೊಸೆಯ ಬಗೆಗೆ ಕೇಳುವಂಥ ಪ್ರಶ್ನೆಗಳು. ಆದರೆ ಪಂಪನ ಕಾವ್ಯದ ಮರ್ಮಕ್ಕೆ ಇದಕ್ಕಿಂತ ಹತ್ತಿರದ ದಾರಿಯನ್ನು ನಾನು ಕಾಣೆ. ಕವಿ ಅರಸನಿಗಾಗಿ ಕಥೆಯ ಒಂದು ನೂಲನ್ನು ಎಳೆದ; ಎಳೆದ ನೂಲಿನೊಡನೆ ಬಟ್ಟೆಯೆಲ್ಲ ಬರಲಿಲ್ಲ. ವ್ಯಾಸನ ಭಾರತದ ಭೀಮ ಹಟ ಹಿಡಿದು ತನ್ನ ಜಾಗದಲ್ಲಿಯೇ ನಿಂತ. ರಾಜನ ಋಣ ಒಂದು ಕಡೆಗೆ, ಕಥೆಯ ಸತ್ಯ ಇನ್ನೊಂದು ಕಡೆಗೆ ಜಗ್ಗುವಾಗ ಮಹಾಕವಿಯೊಬ್ಬ ಹೇಗೆ ನಡೆದುಕೊಂಡನೆಂಬುದು ಆ ಹೆಣ್ಣುಮಕ್ಕಳ ಪ್ರಶ್ನೆಯಲ್ಲಿ ಅಡಗಿದೆ. ಮುಂದೆ ರನ್ನನು ಭೀಮನನ್ನೇ ನಾಯಕನನ್ನಾಗಿಸಿ 'ಗದಾಯುದ್ಧ'ವನ್ನು ಬರೆದಾಗ, ಅವನೂ ಈ ತೊಡಕನ್ನು ಕಂಡಿದ್ದನೇನೋ ಎಂದು ನನಗೆ ತೋರುತ್ತದೆ. ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಕುಳ್ಳಿರಿಸಿದ್ದರೆ ಅರಿಕೇಸರಿಯ ಹೆಸರು ಒಂದು ಅಂಕದ ಉತ್ತರವಾಗಿ ಉಳಿಯುತ್ತಿತ್ತು.

ಇಲ್ಲಿಯವರೆಗೆ ಹೇಳಿದುದು ರಸಿಕತೆಯ ಮಾತು. ಇನ್ನು ಹೇಳಬೇಕಾದುದು ಅದಕ್ಕಿಂತ ಭಾರವಾದುದು. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ವಿಶ್ವಾಮಿತ್ರ ಸೃಷ್ಟಿಸಿ ಕಳುಹಿಸಿದ ಅನಾಮಿಕ ಹೆಣ್ಣುಗಳಿಬ್ಬರು ರಾಜನ ಮುಂದೆ ಹಾಡುತ್ತಾರೆ. ಅವನು ಮೆಚ್ಚುತ್ತಾನೆ. ಅವರು ಅವನ ಸತ್ತಿಗೆಯನ್ನು ಕೇಳುತ್ತಾರೆ, ಕೊಡುವುದಿಲ್ಲ. ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ, ಕುಲದ ಮಾತೆತ್ತಿ ಒಲ್ಲೆನೆನ್ನುತ್ತಾನೆ. ಆಗ ಅವರು ವಾದಿಸುತ್ತಾರೆ: ನಮ್ಮ ಹಾಡನ್ನು ಕಿವಿ ಸವಿಯಿತು, ರೂಪವನ್ನು ಕಣ್ಣು ಸವಿಯಿತು, ಅವಕ್ಕಿಲ್ಲದ ಹೊಲೆ ಮೈ ಸೋಂಕಿದರೆ ಮಾತ್ರ ಬರುವುದೆ? ರಾಜ್ಯವನ್ನಾದರೂ ಬಿಟ್ಟಾನು, ಅವರನ್ನು ಮಾತ್ರ ವರಿಸನು. ಇದೇ ರಾಜ ಕಾಶಿಯಲ್ಲಿ ವೀರಬಾಹುವೆಂಬ ಚಂಡಾಲನಿಗೆ ತನ್ನನ್ನು ಮಾರಿಕೊಂಡು ಸುಡುಗಾಡು ಕಾಯುತ್ತಾನೆ.

ನಾನು ಬಲ್ಲ ಒಂದು ತರಗತಿಯಲ್ಲಿ ಈ ಭಾಗದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಎರಡು ಪ್ರಶ್ನೆ ಕೇಳಿದ: 'ಆ ಹುಡುಗಿಯರ ವಾದಕ್ಕೆ ರಾಜನ ಹತ್ತಿರ ಉತ್ತರ ಏನಿತ್ತು? ಮದುವೆ ಆಗಬಾರದವರ ಮನೆಯಲ್ಲಿ ಆಳಾಗಬಹುದೆ?' ಪಾಠ ಹೇಳುತ್ತಿದ್ದವರು, 'ಇದು ಸತ್ಯದ ಮಹಿಮೆಯನ್ನು ಹೇಳುವ ಕಾವ್ಯ. ನೀನು ಕೇಳಿದ್ದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ' ಎಂದರು. ಅವನು ಕುಳಿತ. ಅವನು ಯಾವ ಮನೆಯಿಂದ ಬಂದವನು, ಆ ಪ್ರಶ್ನೆ ಅವನಿಗೆ ಪರೀಕ್ಷೆಗಿಂತ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಕೇಳುವುದಿಷ್ಟೆ: ಆ ಹೆಣ್ಣುಗಳ ಬಾಯಲ್ಲಿ ಅಷ್ಟು ಹರಿತವಾದ ವಾದವನ್ನು ಇಟ್ಟವರು ಯಾರು? ಆ ಹುಡುಗನೆ? ರಾಘವಾಂಕನಲ್ಲವೆ? ಕವಿ ಬಿತ್ತಿದ ಪ್ರಶ್ನೆ ಎಂಟು ನೂರು ವರ್ಷಗಳ ಮೇಲೆ ಒಬ್ಬ ಓದುಗನ ಎದೆಯಲ್ಲಿ ಮೊಳೆತಾಗ ಅದನ್ನು ಕಳೆಯೆಂದು ಕಿತ್ತೆಸೆದವರು ಕಾವ್ಯವನ್ನು ಕಾಪಾಡಿದರೋ ಅಥವಾ ಕಾವ್ಯದಿಂದ ತಮ್ಮನ್ನು ಕಾಪಾಡಿಕೊಂಡರೋ?

'ಹಾಗೆ ಕೇಳಬಾರದು' ಎಂಬುದು ಯಾವಾಗಲೂ ಸಾಹಿತ್ಯತತ್ತ್ವದ ಮಾತಾಗಿರುವುದಿಲ್ಲ. ಬಹಳ ಸಲ ಅದು ಅಧಿಕಾರದ ಮಾತು. ತ್ರಿವೇಣಿಯವರ 'ಶರಪಂಜರ'ವನ್ನು ನೆನೆದುಕೊಳ್ಳಿ. ವಾಚನಾಲಯದಿಂದ ತಂದು, ಮನೆಗೆಲಸ ಮುಗಿಸಿ ಓದಿದ ಸಾವಿರಾರು ಹೆಂಗಸರು, 'ಕಾವೇರಿಗೆ ವಾಸಿಯಾಗಿತ್ತಲ್ಲ, ಮತ್ತೆ ಅವಳನ್ನು ಹುಚ್ಚಿಯನ್ನಾಗಿ ಮಾಡಿದವರು ಯಾರು?' ಎಂದು ಕೇಳಿದರು. ಗಂಡನೆ, ನೆಂಟರೆ, ನೆರೆಹೊರೆಯ ಕಣ್ಣೆ ಎಂದು ಚರ್ಚಿಸಿದರು. ಅಂಥ ಬರಹವನ್ನೂ ಅಂಥ ಓದನ್ನೂ ಒಟ್ಟಿಗೆ ಸೇರಿಸಿ 'ಅಡುಗೆಮನೆ ಸಾಹಿತ್ಯ' ಎಂದು ಕರೆದು ಕೆಲವರು ಮೂಗು ಮುರಿದರು. ಮನೋರೋಗ ಎಲ್ಲಿಂದ ಆರಂಭವಾಗುತ್ತದೆ, ರೋಗಿಯಲ್ಲಿಯೋ ಸುತ್ತಲಿನವರಲ್ಲಿಯೋ ಎಂಬ ಗಹನವಾದ ವಿಚಾರವನ್ನು ಅಡುಗೆಮನೆಯಲ್ಲಿ ಎತ್ತಿಕೊಂಡಿದ್ದರು ಎಂಬುದು ಮೂಗು ಮುರಿದವರ ಕಣ್ಣಿಗೆ ಬೀಳಲಿಲ್ಲ.

ಕುತೂಹಲದ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಎಂಥ ಮನ್ನಣೆಯಿತ್ತು ಎಂಬುದನ್ನು ಮರೆತರೆ ಹೇಗೆ? ವಾಲ್ಮೀಕಿ ನಾರದನನ್ನು ಪ್ರಶ್ನೆ ಕೇಳಿದ್ದರಿಂದ ರಾಮಾಯಣ ಹುಟ್ಟಿತು. ಜನಮೇಜಯ ಕೇಳಿದ, ವೈಶಂಪಾಯನ ಭಾರತವನ್ನು ಹೇಳಿದ. ಪರೀಕ್ಷಿತ ಕೇಳಿದ, ಶುಕಮುನಿ ಭಾಗವತವನ್ನು ಹೇಳಿದ. ಬೇತಾಳನಂತೂ ಕಥೆ ಮುಗಿಸಿದೊಡನೆ ತಾನೇ ಪ್ರಶ್ನೆ ಹಾಕುತ್ತಾನೆ: ಈ ಮೂವರಲ್ಲಿ ಹೆಚ್ಚಿನವರು ಯಾರು? ತಲೆಗಳು ಅದಲುಬದಲಾದ ಮೇಲೆ ನಿಜವಾದ ಗಂಡ ಯಾರು? ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಗುತ್ತದೆಂದು ರಾಜನನ್ನು ಹೆದರಿಸುತ್ತಾನೆ. ನಮ್ಮ ಪಂಡಿತರ ಸಭೆಯಲ್ಲಿ ನಿಯಮ ತಿರುಗುಮುರುಗಾಗಿದೆ, ಮಾತಾಡಿದವನ ತಲೆಗೇ ಅಪಾಯ!

ಕರಾವಳಿಗೂ ಮಲೆನಾಡಿಗೂ ಹೋಗಿ ತಾಳಮದ್ದಳೆಯನ್ನು ಕೇಳಿ ಬನ್ನಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಅರ್ಥಧಾರಿಗಳ ಮಾತು, ಅಷ್ಟೆ. ಬಾಣ ತಾಗಿ ಬಿದ್ದ ವಾಲಿ, 'ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ?' ಎಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಬೆವರುತ್ತಾರೆ. ಅಂಬೆ ಭೀಷ್ಮನನ್ನು ಕೇಳುತ್ತಾಳೆ. ಭೀಷ್ಮನಿಗೆ ಉತ್ತರ ಸುಲಭವಾಗಿ ಸಿಕ್ಕುವುದಿಲ್ಲ. ನೆಲದ ಮೇಲೆ ಕುಳಿತ ರೈತರೂ ಅಂಗಡಿಯವರೂ ಇಡೀ ರಾತ್ರಿ ಅದನ್ನು ಕೇಳಿ, ಬೆಳಗ್ಗೆ ಚಹಾದಂಗಡಿಯಲ್ಲಿ ಯಾರ ವಾದ ಗಟ್ಟಿಯೆಂದು ತಾವೇ ತೀರ್ಪು ಕೊಡುತ್ತಾರೆ. ಪಾತ್ರಗಳನ್ನು ಪುಸ್ತಕದಿಂದ ಎಬ್ಬಿಸಿ ಕೂರಿಸಿ ಪ್ರಶ್ನೆ ಕೇಳುವುದೇ ಅಲ್ಲಿ ಕಲೆ. ಕನ್ನಡ ನಾಡಿನ ಜನ ಓದಿನ ಅಭ್ಯಾಸವಿಲ್ಲದೆಯೂ ಕಾವ್ಯವನ್ನು ಬಲ್ಲವರು ಎಂದು 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿಯೇ ಹೊಗಳಿತು. ಆ ಜನರ ಮೊಮ್ಮಕ್ಕಳು ಎಂ. ಎ. ಓದಿ ಬಂದು, ಕೇಳುವುದು ತಪ್ಪು ಎಂದು ಕಲಿಸುತ್ತಿದ್ದೇವೆ.

ಇನ್ನೊಂದು ಮಾತು. ದೊಡ್ಡ ಲೇಖಕರೆಲ್ಲ ಮೊದಲು ಇಂಥ ಅಧಿಕಪ್ರಸಂಗಿ ಓದುಗರೇ ಆಗಿದ್ದವರು. ಶಂಬೂಕನನ್ನು ಕೊಂದರೆ ಬ್ರಾಹ್ಮಣನ ಮಗು ಬದುಕುವುದು ಹೇಗೆ ಸರಿ ಎಂಬ ಕಸಿವಿಸಿಯಿಲ್ಲದೆ ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ'ಯನ್ನು ಬರೆಯುತ್ತಿರಲಿಲ್ಲ. ಏಕಲವ್ಯನ ಹೆಬ್ಬೆರಳು ಹೋದ ಸುದ್ದಿ ಕೇಳಿ ಅವನ ತಾಯಿ ಏನೆಂದಿರಬೇಕು ಎಂಬ ಪ್ರಶ್ನೆ ಇಲ್ಲದಿದ್ದರೆ 'ಬೆರಳ್‌ಗೆ ಕೊರಳ್' ಇಲ್ಲ. ಜನ್ನನ 'ಯಶೋಧರ ಚರಿತೆ' ಬಂದದ್ದು 1209ರಲ್ಲಿ. ರಾಣಿ ಅಮೃತಮತಿ ಚೆಲುವನಾದ ಅರಸನನ್ನು ಬಿಟ್ಟು ಕುರೂಪಿಯಾದ ಮಾವುತನಿಗೆ ಏಕೆ ಒಲಿದಳು ಎಂದು ಅಂದಿನಿಂದ ಓದಿದವರೆಲ್ಲ ಕೇಳುತ್ತ ಬಂದಿದ್ದಾರೆ. ಗಿರೀಶ ಕಾರ್ನಾಡರು ಆ ಕಥೆಯನ್ನು ಮತ್ತೆ ಕೈಗೆತ್ತಿಕೊಂಡದ್ದರಿಂದ 1980ರಲ್ಲಿ 'ಹಿಟ್ಟಿನ ಹುಂಜ' ಬಂದಿತು. ಇದೆಲ್ಲ ನಿಜವಾಗಿ ನಡೆದಿದ್ದರೆ ಈ ಮನುಷ್ಯರು ಹೇಗಿದ್ದಿರಬೇಕು ಎಂಬ ನೇರವಾದ ಕುತೂಹಲದಿಂದ ಎಸ್. ಎಲ್. ಭೈರಪ್ಪನವರ 'ಪರ್ವ' 1979ರಲ್ಲಿ ಬಂದಿತು. ಈ ಕೃತಿಗಳನ್ನು ಒಪ್ಪುವುದು, ಒಪ್ಪದಿರುವುದು ಬೇರೆ ವಿಚಾರ. ಲೇಖಕ ಕೇಳಿದರೆ ಸೃಜನಶೀಲತೆ, ಓದುಗ ಕೇಳಿದರೆ ಬಾಲಿಶತನ ಎಂಬ ಇಬ್ಬಗೆಯ ತಕ್ಕಡಿಯನ್ನು ಮಾತ್ರ ನಾನು ಒಪ್ಪಲಾರೆ.

ಕಥೆಯಾಯಿತು, ಕವಿತೆಯ ಅರ್ಥವನ್ನು ಕೇಳಬಹುದೆ? ಅನುಭವಿಸಬೇಕು, ಕೇಳಬಾರದು ಎನ್ನುತ್ತಾರೆ. ಬೇಂದ್ರೆಯವರ ಒಂದು ಪ್ರಸಿದ್ಧ ಹಾಡಿದೆ. ತನ್ನನ್ನು ಹಾಗೆ ನೋಡಬೇಡವೆಂದು ಗಂಡ ಹೆಂಡತಿಗೆ ಹೇಳುವ ಹಾಡು. ಅದನ್ನು ಪ್ರೇಮಗೀತೆಯೆಂದು ತಿಳಿದು ತಲೆದೂಗುವವರು ಇಂದಿಗೂ ಇದ್ದಾರೆ. ಅನುಭವಿಸುತ್ತಿದ್ದಾರೆ, ಪಾಪ! ಅವರಲ್ಲಿ ಯಾರಾದರೂ ಒಬ್ಬರು, 'ಅವಳು ಹಾಗೇಕೆ ನೋಡುತ್ತಿದ್ದಾಳೆ?' ಎಂದು ಕೇಳಿದರೆ ಸಾಕು, ಹಗಲಿನ ಚಂದ್ರನಿಗೆ ಕವಿ ಕೊಟ್ಟ ಹೋಲಿಕೆ ಸಾವಿನದು ಎಂಬುದು ಥಟ್ಟನೆ ಕಾಣುತ್ತದೆ. ಆ ಇಬ್ಬರ ನಡುವೆ ಒಂದು ಮಗುವಿನ ಮರಣವಿದೆಯೆಂಬುದು ತಿಳಿಯುತ್ತದೆ. ಕೇಳದ ಅನುಭವಕ್ಕಿಂತ ಕೇಳಿದ ಮೇಲಿನ ಅನುಭವ ಕಡಿಮೆಯಾಯಿತೆ? ಬೆಳಕು ಬೇಕೆನ್ನುವವನು ದೀಪವನ್ನು ನೋಡಿಕೊಳ್ಳುವಂತೆ, ಧ್ವನಿಯನ್ನು ಬಯಸುವವನು ವಾಚ್ಯಾರ್ಥವನ್ನು ನೋಡಿಕೊಳ್ಳಬೇಕೆಂದು ಆನಂದವರ್ಧನನೇ ಹೇಳಿದ್ದಾನೆ. ದೀಪದ ಕುಡಿಯನ್ನು ಮುಟ್ಟಬೇಡವೆಂದು ಗದರಿಸುವವರು ಬೆಳಕಿನ ಭಕ್ತರು ಹೇಗಾದಾರು?

ಹಾಗೆಂದು ಎಲ್ಲ ಪ್ರಶ್ನೆಗಳ ವಕಾಲತ್ತನ್ನೂ ನಾನು ವಹಿಸಿಕೊಂಡಿಲ್ಲ. ಈ ನಾಯಕಿ ನಿಜವಾಗಿ ಯಾರ ಹೆಂಡತಿ, ಈ ಖಳ ಲೇಖಕರ ಯಾವ ದಾಯಾದಿ, ಈ ಕಾದಂಬರಿಯಿಂದ ಎಷ್ಟು ಹಣ ಬಂತು ಎಂದು ಕೇಳುವವನ ಕುತೂಹಲ ಕೃತಿಯಲ್ಲಿ ಇಲ್ಲ, ಲೇಖಕನ ಕಿಟಕಿಯಲ್ಲಿ ಇದೆ. ಅವನಿಗೆ ಬೇರೆ ಪತ್ರಿಕೆಗಳುಂಟು. ನಾನು ವಾದಿಸುತ್ತಿರುವುದು ಪುಸ್ತಕದಿಂದ ಹುಟ್ಟಿ ಪುಸ್ತಕಕ್ಕೆ ಮರಳಬಲ್ಲ ಪ್ರಶ್ನೆಯ ಪರವಾಗಿ. ಅದರಲ್ಲಿಯೂ ಎರಡು ಬಗೆ. ನಾರಣಪ್ಪನ ಹೆಣದಂತೆ ಕೆಲವಕ್ಕೆ ಪುಟ ತಿರುವಿದರೆ ಉತ್ತರ ಸಿಕ್ಕುತ್ತದೆ. ಪ್ರಾಣೇಶಾಚಾರ್ಯರ ನಾಳೆಯಂತೆ ಕೆಲವಕ್ಕೆ ಸಿಕ್ಕುವುದಿಲ್ಲ. ಎರಡರಿಂದಲೂ ಲಾಭವೇ. ಕೇಳಿದವನು ಮತ್ತೆ ಪುಸ್ತಕ ತೆರೆಯುತ್ತಾನೆ, ತೆರೆಸುವವರು ಇರಬೇಕು, ಅಷ್ಟೆ.

ತೆರೆಸುವವರು ಏನು ಮಾಡುತ್ತಿದ್ದೇವೆ? ನಮ್ಮ ತರಗತಿಗಳಲ್ಲಿ ಪ್ರಶ್ನೆಗಳಿಗೇನೂ ಬರಗಾಲವಿಲ್ಲ. ಸಂದರ್ಭ ಸಹಿತ ವಿವರಿಸಿ, ಪಾತ್ರಚಿತ್ರಣ ಮಾಡಿ, ಟಿಪ್ಪಣಿ ಬರೆಯಿರಿ ಎಂದು ಪ್ರತಿ ಸೆಮಿಸ್ಟರಿನಲ್ಲಿಯೂ ಕೇಳುತ್ತೇವೆ. ಕೇಳುವ ನಮಗೆ ಉತ್ತರ ಮೊದಲೇ ಗೊತ್ತು. ಬರೆಯುವವನಿಗೆ ಅದು ಗೈಡಿನಿಂದ ಗೊತ್ತು. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಸೇರಿ ಮೂರು ಗಂಟೆಯ ಕಾಲ ಕಾಗದದ ಮೇಲೆ ಇಳಿಸುತ್ತೇವೆ. ಓದುಗನ ಪ್ರಶ್ನೆ ಹಾಗಲ್ಲ. ಅವನಿಗೆ ಉತ್ತರ ಗೊತ್ತಿಲ್ಲದ್ದರಿಂದ ಅವನು ಕೇಳುತ್ತಾನೆ. ಗೊತ್ತಿಲ್ಲದ್ದನ್ನು ಕೇಳುವ ಆ ಒಂದು ಗಳಿಗೆಗಾಗಿಯೇ ಶಾಲೆ ಕಾಲೇಜುಗಳನ್ನು ಕಟ್ಟಿದ್ದು. ಈಗ ಹುಡುಗರ ಕೈಯ ಫೋನು ಯಾವ ಕಾದಂಬರಿಯ ಸಾರಾಂಶವನ್ನು ಬೇಕಾದರೂ ಕ್ಷಣದಲ್ಲಿ ಒಪ್ಪಿಸುತ್ತದೆ. ಗೈಡಿನ ಕೆಲಸ ಅದಕ್ಕೆ ಸಲೀಸು. ಪುಸ್ತಕವನ್ನು ತಾನೇ ಓದಿ, ಒಂದು ಕಡೆ ಮುಳ್ಳು ತಾಗಿದಂತಾಗಿ, 'ಇದು ಹೀಗೇಕೆ?' ಎಂದು ತಡೆದು ನಿಲ್ಲುವುದು ಓದಿದವನಿಗೆ ಮಾತ್ರ ಸಾಧ್ಯ. ಅದನ್ನೂ ನಾವು ನಗೆಯಾಡಿ ಓಡಿಸಿದರೆ, ಕನ್ನಡ ಅಧ್ಯಾಪಕರು ಉಳಿಯುವುದು ಯಾವ ಕೆಲಸಕ್ಕೆ?

ಆದುದರಿಂದ ನನ್ನ ಸೂಚನೆಗಳು ಮೂರು. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿರಲಿ: 'ನೀವು ಓದಿದ ಪಠ್ಯದ ಬಗೆಗೆ ನಿಮಗೇ ಹುಟ್ಟಿದ ಒಂದು ಪ್ರಶ್ನೆಯನ್ನು ಬರೆದು, ಅದು ಏಕೆ ಹುಟ್ಟಿತೆಂಬುದನ್ನು ಪಠ್ಯದ ಆಧಾರದಿಂದ ವಿವರಿಸಿ.' ಇದಕ್ಕೆ ಗೈಡು ಬರೆಯುವುದು ಕಷ್ಟ. ಮೌಲ್ಯಮಾಪನ ಮಾಡುವುದೂ ಕಷ್ಟವೇ, ಅದಕ್ಕಾಗಿ ನಮಗೆ ಸಂಬಳವಿದೆ. ಎರಡನೆಯದು, ಸಾಹಿತ್ಯ ಸಭೆಗಳಲ್ಲಿ ಸಂವಾದವನ್ನು ವಂದನಾರ್ಪಣೆಗೆ ಮುಂಚಿನ ಐದು ನಿಮಿಷಕ್ಕೆ ತಳ್ಳುವ ಪದ್ಧತಿ ನಿಲ್ಲಲಿ. ಭಾಷಣಗಳನ್ನು ಮೊಟಕು ಮಾಡಿ, ಸಭಿಕರ ಪ್ರಶ್ನೆಯಿಂದಲೇ ಸಭೆ ಆರಂಭವಾಗಲಿ. ಮೂರನೆಯದು ಓದುಗ ಮಹಾಶಯರಿಗೆ: ಪ್ರಶ್ನೆಯನ್ನು ಲೇಖಕರ ಮುಂದೆ ಇಡುವ ಮೊದಲು ಪುಸ್ತಕದ ಮುಂದೆ ಇಡಿ. ಅಲ್ಲಿ ಉತ್ತರ ಸಿಕ್ಕದಿದ್ದರೆ ಧೈರ್ಯವಾಗಿ ಎದ್ದು ನಿಂತು ಕೇಳಿ. ಯಾರಾದರೂ ನಕ್ಕರೆ, ಅವರಿಗೆ ಉತ್ತರ ಗೊತ್ತಿಲ್ಲವೆಂದು ತಿಳಿಯಿರಿ. ಬಹುಮಟ್ಟಿಗೆ ಅದು ನಿಜವಾಗಿರುತ್ತದೆ.

ಹಿಂದಿನ ಬೆಂಚಿನ ಆ ಹುಡುಗನಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಅವನಿಗೆ ಉತ್ತರ ಕೊಡಬೇಕಾದವರು ಇಡೀ ಕನ್ನಡ ವಿದ್ವತ್ತಿನವರು, ನಾನೂ ಸೇರಿದಂತೆ. ನನಗನ್ನಿಸುವಂತೆ, ಆ ಹೆಣ್ಣುಗಳ ವಾದಕ್ಕೆ ರಾಜನ ಬಳಿ ಉತ್ತರವಿರಲಿಲ್ಲ; ಇಲ್ಲವೆಂಬುದನ್ನು ರಾಘವಾಂಕ ಬಲ್ಲವನಾಗಿದ್ದ; ಬಲ್ಲವನಾದುದರಿಂದಲೇ ಕಥೆಯನ್ನು ಕಾಶಿಯ ಆ ಚಂಡಾಲನ ಬಾಗಿಲಿಗೆ ತಂದು ನಿಲ್ಲಿಸಿದ. ಒಪ್ಪದವರು ಕಾವ್ಯವನ್ನು ತೆರೆದು ತೋರಿಸಲಿ. ಪರೀಕ್ಷೆಗೆ ಬರುವುದಿಲ್ಲ ಎಂದು ಮಾತ್ರ ಹೇಳದಿರಲಿ.